ರೊಟ್ಟಿ ಬಡಿದ ಬೆರಳು

ಸೂರ್ಯನಿಗೇನು ಬರವಿಲ್ಲ ಕಲಬುರಗ್ಯಾಗ.
ಏಪ್ರಿಲ್ ಬಂತಂದ್ರ ಕರೀಲಾರದೇ ಬಂದು
ಅಂಗಳದಾಗ ಕುಂತುಬಿಡ್ತಾನ.
ಅಂಥಾ ಊರಾಗ
ಖಾನಾವಳಿ ಹಿಂದಿನ ಕತ್ತಲ ಕೋಣ್ಯಾಗ
ನಾ ಇನ್ನೊಂದು ಸೂರ್ಯನ್ನ ಮಾಡ್ಲಕ್ಕತ್ತೀನಿ ಅಂದ್ರ
ಮಂದಿ ನಗಲಾರದೆ ಏನು ಮಾಡ್ಯಾರು?

ರೊಟ್ಟಿ ಸಂಗಾಟ ಹಸಿ ಮೆಂತ್ಯ ಬೇಕೇಬೇಕು.
ಬ್ಯಾಸಗ್ಯಾಗ ಸೂಡಿಗೆ ಮೂವತ್ತು ರೂಪಾಯಿ,
ಮನಿಗೆ ತರೂದ್ರಾಗ ಬಾಡಿ ಬತ್ತಿ.
ಮಾಳಗಿ ಮ್ಯಾಲ ನಾನೇ ಹಾಕಿದ್ದು
ಮೂರು ದಿನಕ್ಕ ಹೊತ್ತಿ ಹೋತು.
ಅದಕ್ಕೇ ಈ ಐವತ್ತು ವಾಟಿನ ಎಲ್‌ಇಡಿ ಚಿಪ್ಪು,
ಅಂಗೈಯಾಗ ಒಂದು ಬಿಸ್ಕೀಟಿನಷ್ಟು.

"ಬೆಳಕು ಮುಂದಕ್ಕ ಕೊಡ್ತದ, ಅದು ಅದರ ಧರ್ಮ.
ಬಿಸಿ ಬೆನ್ನಿಗೆ ಬಿಡ್ತದ, ಅದು ಅದರ ಕರ್ಮ."
ಹಿಂಗ ಪ್ರಾಸ ಹಚ್ಚೂದು ಝರೆಪ್ಪನ ಚಟ,
ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ಬಂದದ್ದು.

ಮೊದಲ ಚಿಪ್ಪನ್ನ ಶಹಾಬಾದ್ ಕಲ್ಲಿನ ಮ್ಯಾಲ ಮಲಗಿಸಿದೆ.
ಮಧ್ಯಾಹ್ನ ನಾವೆಲ್ಲ ಬೆನ್ನು ಹಚ್ಚೂ ಕಲ್ಲದು.
ಕಲ್ಲು ಬಿಸಿ ಇಸಗೊಂತು, ಮುಂದ ದಾಟಿಸಲಿಲ್ಲ.
ಕೈಗಡ ಒಯ್ದು ಮರೆತವರಂಗ
ಸುಮ್ಮನ ಕುಂತಿತು.
ತಾಸಿನೊಳಗ ಚಿಪ್ಪಿನ ನಡುವ ಒಂದು ಕರಿ ಚುಕ್ಕಿ.

ಗುಜರಿ ಮೆಹತಾಬಸಾಬನ ಗುಡ್ಡ್ಯಾಗ
ಕಂಪ್ಯೂಟರಿನ ಹೊಟ್ಟಿಯ ಗಡ್ಡಿ ಸಿಕ್ತು, ಸಣ್ಣದು.
ಕಿಟಕಿ ಚಾನಲ್ಲು ಸಿಕ್ತು, ತೆಳುವು.
ಕಡೀಕ ಸತ್ತ ಆಂಪ್ಲಿಫಾಯರಿನ ಬೆನ್ನೆಲುಬು:
ಒಂದೂವರೆ ಕಿಲೋ ಅಲ್ಯೂಮಿನಿಯಂ, ಇಪ್ಪತ್ತೆರಡು ರೆಕ್ಕಿ,
ಒಂದು ಮೂಲಿಗೆ ಯಾರದೋ ಅರಿಷಿಣದ ಬೆರಳಚ್ಚು.
ಎಷ್ಟು ಮದುವಿ ಹಾಡು, ಎಷ್ಟು ಎಲೆಕ್ಷನ್ ಭಾಷಣ
ಇದರ ಮೈಮ್ಯಾಲ ಆರಿ ತಣ್ಣಗಾಗ್ಯಾವೋ.
ಮೆಹತಾಬಸಾಬ ತೂಕಕ್ಕ ಕೊಟ್ಟ.
ಹಾಡಿಗೆ ರೇಟು ಹಚ್ಚಲಿಲ್ಲ.

ನಡುವ ಹಚ್ಚೂ ಬಿಳಿ ಪೇಸ್ಟು
ಹೆಚ್ಚಾದ್ರ ಚಲೋ ಅಂತ ಬೆಣ್ಣಿಯಂಗ ಮೆತ್ತಿದ್ದೆ.
ಝರೆಪ್ಪ ಎಲ್ಲಾ ಒರೆಸಿ ತೆಗೆದ:
"ಹಂಚಿನ ಮ್ಯಾಗಿನ ರೊಟ್ಟಿಗೆ ನೀರು ಸವರ್ತಿ ನೋಡು, ಅಷ್ಟೇ."
ಆಗ ತಿಳೀತು.
ರೆಕ್ಕಿ ಮ್ಯಾಲ ನೋಡ್ಕೊಂಡು ನಿಲ್ಲಬೇಕು,
ಬಿಸಿ ಗಾಳಿಗೆ ಹಾದಿ ಇರಬೇಕು ಅಂದ,
ಅದನ್ನ ಹೇಳೂದು ಬ್ಯಾಡ,
ಒಲಿ ಮ್ಯಾಲಿನ ಗವಾಕ್ಷಿ ನನಗ ಯಾವಾಗೋ ಹೇಳ್ಯಾದ.

"ಬೆರಳಿಡು. ಐದು ಎಣಿಸೂತನ ತಡಕೊಂಡ್ರ ಪಾಸು."
ಇಟ್ಟೆ. ಐದು. ಹತ್ತು.
ಹದಿನೈದಕ್ಕ ಬ್ಯಾಸತ್ತು ನಾನೇ ತೆಗೆದೆ.
ಪಾಸು!
ಮೂರನೇ ದಿನಕ್ಕ ದೀಪ ಮಿಣಿಮಿಣಿ.
ಝರೆಪ್ಪ ಬಂದು ಮುಟ್ಟಿದವನು
ಎರಡೂ ಎಣಿಸಲಿಲ್ಲ, ಹೌಹಾರಿ ಕೈ ಜಾಡಿಸಿದ.
ಆಮ್ಯಾಲ ನನ್ನ ಕೈ ಬೆಳಕಿಗೆ ತಿರುವಿದ.

ಇಪ್ಪತ್ತಾರು ವರ್ಷ, ದಿನಕ್ಕ ಇನ್ನೂರು ರೊಟ್ಟಿ
ಹಂಚಿನಿಂದ ಬರಿಗೈಲೆ ತಿರುವಿದ ಬೆರಳು.
ಗೆರಿ ಅಳಿಸ್ಯಾವ.
ಆಧಾರದ ಮಷೀನು ನಾಕು ಸಲ ಒತ್ತಿಸಿ
ನಾನು ನಾನಲ್ಲ ಅಂದಿತ್ತು.
"ಜಗದೇವಿ, ಈ ಬೆರಳು ಸುಳ್ಳು ಹೇಳ್ತಾವ."

ಸಿಟ್ಟು ಬಂತು ನನಗ.
ಸುಳ್ಳಲ್ಲೋ ಮಾರಾಯ, ರೂಢಿ.
ಸುಟ್ಟದ್ದನ್ನ ಸುಟ್ತು ಅಂತ ಹೇಳೂ ಪುರುಸೊತ್ತು
ಅವಕ್ಕ ಯಾವತ್ತಿತ್ತು?

ಅವತ್ತು ರಾತ್ರಿ ಕರೆಂಟು ಹೋದಾಗ
ಮೇಣಬತ್ತಿ ಹಚ್ಚಿ ಕುಂತವಳಿಗೆ ಹೊಳೀತು.
ರೆಕ್ಕಿ ಬುಡಕ್ಕ ಒಂದು ಹನಿ ಮೇಣ.
ಕರಗಿದ್ರ ಬಿಸಿ ಹೆಚ್ಚು, ಕರಗದಿದ್ರ ಸಾಕು.
ಕಂಪ್ಯೂಟರಿನ ಹಳೇ ಫ್ಯಾನು ತಂತಿಲೆ ಬಿಗದ್ವಿ,
ಹಗಲು ಆರಿಸಿ, ಹೊರಗಿನವ ಮುಳುಗಿದ ಮ್ಯಾಲ
ನಮ್ಮ ಸೂರ್ಯನ್ನ ಹಚ್ಚಿದ್ವಿ.
ಹೊಸ ಚಿಪ್ಪಿಗೆ ಇವತ್ತಿಗೆ ಹತ್ತೊಂಬತ್ತು ರಾತ್ರಿ.
ಮೇಣ ಹಂಗೇ ಅದ, ಬೆಳ್ಳಗ, ಒಂದು ಅಕ್ಕಿ ಕಾಳಿನಂಗ.

ಹಂಚಿನ ಮುಂದ ಕುಂತಾಗ ಈಗೀಗ ಕೇಳ್ಕೋತೀನಿ,
ನನ್ನ ಮೈಮ್ಯಾಲ ಆ ಹನಿ
ಎಲ್ಲಿ ಇಡಬೇಕಿತ್ತು, ಯಾವ ವರ್ಷ.

ಮೊನ್ನೆ ಮೆಂತ್ಯ ಕಿತ್ತೆ, ಎರಡು ಸೂಡು.
ಒಂದು ಝರೆಪ್ಪನ ಮನಿಗೆ.
ಬೇರಿನ ಹಸಿ ಮಣ್ಣು ಬೆರಳಿಗೆ ಹತ್ತಿ
ತಣ್ಣಗನಿಸ್ತು.
ಖರೇನ, ತಣ್ಣಗನಿಸ್ತು.